ಕರೆದಾಗ ‘ಓ’ ಅನ್ನುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಡ ಹೆಂಡಿರಿಗೆ ಸಮಾಲೋಚನೆ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ನನ್ನ ಮುಂದೆ ಒಂದು ಜೋಡಿ ಬಂದು ಕುಳಿತಿತ್ತು. ಮದುವೆಯಾಗಿ ಹನ್ನೊಂದು ವರ್ಷ. ಗಂಡನಿಗೆ ಟೈಲ್ಸ್ ಅಂಗಡಿ, ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತಾರೆ. ಅವರ ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಾಯಿಸಿ ಹೇಳುತ್ತಿದ್ದೇನೆ. ಆ ಮನೆಯಲ್ಲಿ ಕುಡಿತವಿಲ್ಲ, ಹೊಡೆತ ಬಡಿತವಿಲ್ಲ, ಮೈತುಂಬ ಸಾಲವೂ ಇಲ್ಲ. ಆದರೂ ಆಕೆ ನಾಲ್ಕು ತಿಂಗಳಿಂದ ತವರಿನಲ್ಲಿದ್ದರು. ಹಿರಿಯರು ಎರಡು ಸಲ ಪಂಚಾಯಿತಿ ಮಾಡಿ ಸೋತ ಮೇಲೆ ಯಾರೋ ನನ್ನ ಹತ್ತಿರ ಕಳಿಸಿದ್ದರು.

ಏನಾಯ್ತಮ್ಮಾ ಅಂದೆ. ಆಕೆ ಹೇಳಿದ್ದು ಇಷ್ಟು: “ಹಿತ್ತಲಿನ ಕರಿಬೇವಿನ ಗಿಡ ಒಣಗಿಹೋಗಿತ್ತು ಮೇಡಂ. ದಿನಾ ಅಕ್ಕಿ ತೊಳೆದ ನೀರು ಹಾಕಿದೆ, ಹುಳಿ ಮಜ್ಜಿಗೆ ಹಾಕಿದೆ. ಒಂದು ದಿನ ಬೆಳಿಗ್ಗೆ ನೋಡ್ತೀನಿ, ಚಿಗುರಿದೆ. ಓಡಿಬಂದು ಇವರಿಗೆ ಹೇಳಿದೆ. ಇವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಹೂಂ ಅಂತಾನೂ ಅನ್ನಲಿಲ್ಲ.”

ಗಂಡ ನನ್ನ ಕಡೆ ತಿರುಗಿ ಕೇಳಿದರು: “ಕರಿಬೇವಿನ ಗಿಡಕ್ಕೆ ಯಾರಾದರೂ ಮನೆ ಬಿಟ್ಟು ಹೋಗ್ತಾರಾ ಮೇಡಂ?”

ಅವರು ಕುಹಕಕ್ಕೆ ಕೇಳಿದ್ದಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾವು ಈಗ ಸ್ವಲ್ಪ ದೂರ, ಅಮೆರಿಕದ ಸಿಯಾಟಲ್ ನಗರದ ತನಕ ಹೋಗಿಬರಬೇಕು.

ದಾಂಪತ್ಯವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡುವ ಕೆಲಸ ಹಳೆಯದೇ. 1938ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 792 ದಂಪತಿಗಳಿಗೆ ಉದ್ದುದ್ದ ಪ್ರಶ್ನಾವಳಿ ಕೊಟ್ಟು, ಯಾರು ಸುಖವಾಗಿದ್ದಾರೆ, ಯಾಕೆ ಎಂದು ಲೆಕ್ಕ ಹಾಕಿದ್ದರು. ಆದರೆ ಪ್ರಶ್ನಾವಳಿಯಲ್ಲಿ ಒಂದು ತೊಂದರೆ ಇದೆ. ಮನೆಗೆ ನೆಂಟರು ಬಂದಾಗ ನಾವು ಹೇಗೆ ಮಾತಾಡುತ್ತೇವೋ, ಪ್ರಶ್ನಾವಳಿಗೂ ಹಾಗೆಯೇ ಉತ್ತರ ಬರೆಯುತ್ತೇವೆ. ಅಡುಗೆಮನೆಯಲ್ಲಿ ನಡೆದದ್ದು ಆ ಕಾಗದಕ್ಕೆ ಇಳಿಯುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು, ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್, ಬೇರೆ ದಾರಿ ಹಿಡಿದರು. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಇಬ್ಬರೂ ಜಗಳವಾಡುವ ಒಂದು ವಿಷಯವನ್ನು ಹದಿನೈದು ನಿಮಿಷ ಮಾತಾಡಲು ಹೇಳಿದರು. ಎದೆಬಡಿತ ಅಳೆದರು, ಅಂಗೈಯ ಬೆವರು ಅಳೆದರು. ಕುಳಿತಲ್ಲೇ ಯಾರು ಎಷ್ಟು ಚಡಪಡಿಸುತ್ತಾರೆ ಎಂದು ತಿಳಿಯಲು ಕುರ್ಚಿಯ ಕೆಳಗೂ ಒಂದು ಸಾಧನ ಇಟ್ಟರು. ಎಲ್ಲವನ್ನೂ ವಿಡಿಯೊ ಮಾಡಿ, ಆಮೇಲೆ ಒಂದೊಂದು ಕ್ಷಣದ ಮುಖಭಾವವನ್ನು, ದನಿಯನ್ನು ಗುರುತು ಹಾಕುತ್ತ ಹೋದರು. ಕೆಲವು ವರ್ಷ ಬಿಟ್ಟು ಅದೇ ಜೋಡಿಗಳನ್ನು ಹುಡುಕಿ, ಒಟ್ಟಿಗಿದ್ದೀರಾ ಎಂದು ಕೇಳಿದರು.

1986ರಲ್ಲಿ ಗಾಟ್‌ಮನ್ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಮನೆಯಂತೆಯೇ ಇರುವ ಒಂದು ಪುಟ್ಟ ಅಪಾರ್ಟ್‌ಮೆಂಟನ್ನು ಪ್ರಯೋಗಶಾಲೆ ಮಾಡಿಕೊಂಡರು. ಅಡುಗೆಮನೆ, ಸೋಫಾ, ಟಿವಿ, ಕಿಟಕಿಯಾಚೆ ದೋಣಿಗಳು ಓಡಾಡುವ ನೀರು. ದಂಪತಿಗಳು ಮನೆಯಿಂದ ದಿನಸಿ, ಪೇಪರು ತಂದು ಸಾಮಾನ್ಯ ಭಾನುವಾರದಂತೆ ಅಲ್ಲಿ ಒಂದು ದಿನ ಕಳೆಯಬೇಕು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗೋಡೆಯ ಮೇಲಿನ ಕ್ಯಾಮೆರಾಗಳು ನೋಡುತ್ತಿರುತ್ತವೆ, ಬಚ್ಚಲುಮನೆ ಒಂದನ್ನು ಬಿಟ್ಟು. ಪತ್ರಿಕೆಯವರು ಇದಕ್ಕೆ ‘ಲವ್ ಲ್ಯಾಬ್’ ಎಂದು ಹೆಸರಿಟ್ಟರು.

ಆ ವಿಡಿಯೊಗಳಲ್ಲಿ ಏನಿತ್ತು ಗೊತ್ತೇ? ಮೊದಮೊದಲು ನೋಡಿದವರಿಗೆ ಏನೂ ಇಲ್ಲ ಅನ್ನಿಸುವಂಥದ್ದು. ಹೆಂಡತಿ ಕಿಟಕಿಯ ಹತ್ತಿರ ನಿಂತು, “ನೋಡು, ಎಷ್ಟು ಚೆಂದದ ದೋಣಿ” ಅನ್ನುತ್ತಾಳೆ. ಗಂಡ ಪೇಪರ್ ಓದುತ್ತಿದ್ದಾನೆ. ಅವನು ಮೂರರಲ್ಲಿ ಒಂದನ್ನು ಮಾಡಬಹುದು. ತಲೆಯೆತ್ತಿ “ಹೌದಲ್ಲ” ಅನ್ನಬಹುದು. ಕೇಳಿಸದವನಂತೆ ಓದುತ್ತಲೇ ಇರಬಹುದು. ಇಲ್ಲವೇ, “ಸುಮ್ಮನೆ ಓದೋಕೆ ಬಿಡ್ತೀಯಾ?” ಎಂದು ಸಿಡುಕಬಹುದು.

ಇಂಥ ಚಿಕ್ಕ ಕರೆಗಳನ್ನು ಅವರು ಎಣಿಸಿದರು. ಹೊಸದಾಗಿ ಮದುವೆಯಾದ ಜೋಡಿಗಳನ್ನು ಆರು ವರ್ಷದ ಮೇಲೆ ಮತ್ತೆ ವಿಚಾರಿಸಿದಾಗ ಎರಡು ಅಂಕಿ ಸಿಕ್ಕವು. ಒಟ್ಟಿಗೆ ಉಳಿದವರು ಆ ಅಪಾರ್ಟ್‌ಮೆಂಟಿನಲ್ಲಿ ಇಂಥ ಕರೆಗಳಲ್ಲಿ ನೂರಕ್ಕೆ 86ಕ್ಕೆ ಸ್ಪಂದಿಸಿದ್ದರು. ಬಿಟ್ಟುಹೋದವರು ಸ್ಪಂದಿಸಿದ್ದು ನೂರಕ್ಕೆ 33ಕ್ಕೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಹೊಸ ಪದ ಕಟ್ಟಬೇಕಾಗಿಲ್ಲ. ಓಗೊಡುವುದು ಅನ್ನುತ್ತೇವೆ. ಕರೆದಾಗ ‘ಓ’ ಅನ್ನುವುದು. ಕಥೆ ಹೇಳುವ ಅಜ್ಜಿ ಮಕ್ಕಳಿಗೆ ಹೂಂಗುಟ್ಟಿ ಅಂತ ಯಾಕೆ ಹೇಳುತ್ತಿದ್ದಳು? ಹೂಂ ನಿಂತರೆ ಕಥೆ ನಿಲ್ಲುತ್ತಿತ್ತು. ಕಥೆ ಮುಗಿದು ಹೋದದ್ದಕ್ಕಲ್ಲ, ಕೇಳುವವರು ನಿದ್ದೆ ಹೋದರು ಅಂತ ಅವಳಿಗೆ ಗೊತ್ತಾಗುತ್ತಿದ್ದದ್ದಕ್ಕೆ. ಕರಿಬೇವಿನ ಗಿಡದ ಹೆಂಗಸು ತವರಿಗೆ ಹೋದದ್ದೂ ಹಾಗೆಯೇ. ಗಿಡ ಒಂದು ದಿನದ ಮಾತು. ಅದರ ಹಿಂದೆ ಓ ಅನ್ನಿಸಿಕೊಳ್ಳದ ಸಾವಿರಾರು ಕರೆಗಳಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳದೆ ಮುಂದೆ ಹೋಗಲಾರೆ. ಐದು ನಿಮಿಷ ನೋಡಿ ಯಾರು ವಿಚ್ಛೇದನ ತೆಗೆದುಕೊಳ್ಳುತ್ತಾರೆ ಎಂದು ನೂರಕ್ಕೆ ತೊಂಬತ್ತು ಪಾಲು ಸರಿಯಾಗಿ ಹೇಳುವ ವಿಜ್ಞಾನಿಗಳು ಎಂದು ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ನೀವು ಓದಿರುತ್ತೀರಿ. ಅದನ್ನು ಹಾಗೇ ನಂಬಬೇಡಿ. 1998ರಲ್ಲಿ ಪ್ರಕಟವಾದ ಗಾಟ್‌ಮನ್ ತಂಡದ ಹೆಸರಾಂತ ಅಧ್ಯಯನದಲ್ಲಿ 130 ಹೊಸ ಜೋಡಿಗಳಿದ್ದವು. ಬೇರೆಯಾದವರು 17 ಜೋಡಿ. ಈಗ ಲೆಕ್ಕ ನೋಡಿ. ಯಾವ ಕ್ಯಾಮೆರಾವೂ ಇಲ್ಲದೆ, ಯಾರೂ ಬೇರೆಯಾಗುವುದಿಲ್ಲ ಎಂದು ನಾನು ಮನೆಯಲ್ಲಿ ಕೂತು ಹೇಳಿದ್ದರೂ 113 ಜೋಡಿಯ ವಿಷಯದಲ್ಲಿ ನನ್ನ ಮಾತು ನಿಜವಾಗುತ್ತಿತ್ತು. ಅಂದರೆ ನೂರಕ್ಕೆ 87. 2001ರಲ್ಲಿ ರಿಚರ್ಡ್ ಹೇಮನ್ ಮತ್ತು ಏಮಿ ಸ್ಲೆಪ್ ಎಂಬ ಸಂಶೋಧಕರು ಇನ್ನೊಂದು ದೋಷವನ್ನೂ ತೋರಿಸಿದರು. ಫಲಿತಾಂಶ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಸೂತ್ರ ಕಟ್ಟುವುದು ಸುಲಭ; ಅದೇ ಸೂತ್ರವನ್ನು ಬೇರೆ ಜೋಡಿಗಳ ಮೇಲೆ ಇಟ್ಟು ನೋಡಿದರೆ ಅದರ ನಿಖರತೆ ಕುಸಿಯುತ್ತದೆ. ಹಾಗಾಗಿ ಈ ಸಂಶೋಧನೆಯನ್ನು ಯಾರೂ ಜಾತಕದಂತೆ ಹಿಡಿದುಕೊಳ್ಳಬಾರದು. ನಿಮ್ಮ ಮದುವೆ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಅದು ಹೇಳಲಾರದು. ಯಾವ ನಡವಳಿಕೆ ಎಲ್ಲಿ ಕೊರೆಯುತ್ತದೆ ಎಂದು ಕಣ್ಣಿಟ್ಟು ನೋಡಿದವರ ಅನುಭವವಾಗಿ ತೆಗೆದುಕೊಂಡರೆ ಅದಕ್ಕೆ ದೊಡ್ಡ ಬೆಲೆಯಿದೆ.

ಹಾಗೆ ಕಣ್ಣಿಟ್ಟು ನೋಡಿ ಗಾಟ್‌ಮನ್ ನಾಲ್ಕು ನಡವಳಿಕೆಗಳನ್ನು ಬೇರೆಯಾಗಿ ಎತ್ತಿಟ್ಟರು. ದೂಷಣೆ, ತಾತ್ಸಾರ, ಸಮರ್ಥನೆ, ಗೋಡೆಯಂತೆ ಕುಳಿತುಬಿಡುವುದು. ದೂಷಣೆಯೆಂದರೆ, ಹಾಲು ತರಲು ಮರೆತಿರಿ ಅನ್ನುವ ಬದಲು, ನಿಮಗೆ ಮನೆಯ ಮೇಲೆ ಯಾವತ್ತು ಗಮನವಿತ್ತು ಅನ್ನುವುದು. ಸಮರ್ಥನೆಯೆಂದರೆ, ನೀನು ಮಾಡಲಿಲ್ಲವಾ ಮೊನ್ನೆ ಎಂದು ತಿರುಗಿ ಎಸೆಯುವುದು. ಇವೆರಡೂ ಎಲ್ಲರ ಮನೆಯಲ್ಲೂ ಇವೆ. ನನ್ನ ಮನೆಯಲ್ಲೂ ಇವೆ.

ತಾತ್ಸಾರದ ಬಗ್ಗೆ ಮಾತ್ರ ಸ್ವಲ್ಪ ನಿಂತು ಮಾತಾಡಬೇಕು. ನಾಲ್ಕರಲ್ಲಿ ಹೆಚ್ಚು ವಿಷ ಇರುವುದು ಇದರಲ್ಲೇ ಎಂದು ಗಾಟ್‌ಮನ್ ಹೇಳುತ್ತಾರೆ, ನನ್ನ ಕೆಲಸದ ಅನುಭವವೂ ಅದೇ. “ನಿನಗೇನು ತಿಳಿಯುತ್ತೆ, ಸುಮ್ಮನಿರು.” “ನಿಮ್ಮಪ್ಪನ ಮನೆಯಲ್ಲಿ ಇದನ್ನೇನಾ ಕಲಿಸಿದ್ದು?” “ನಿಮ್ಮ ಸಂಬಳಕ್ಕೆ ಇದೊಂದು ಕೇಡು.” ಈ ಮಾತುಗಳನ್ನು ಹೇಳಿದವರು ಮರುದಿನ ಮರೆತಿರುತ್ತಾರೆ. ಕೇಳಿಸಿಕೊಂಡವರು ಹದಿನೈದು ವರ್ಷದ ನಂತರ, ಅದು ಯಾವ ಹಬ್ಬದ ದಿನ, ಯಾರ ಎದುರಿಗೆ, ಆಗ ಒಲೆಯ ಮೇಲೆ ಏನಿತ್ತು ಎಂಬುದನ್ನೂ ಸೇರಿಸಿ ನನ್ನ ಮುಂದೆ ಹೇಳುತ್ತಾರೆ. ಮಾತೇ ಬೇಕಂತಿಲ್ಲ. ತುಟಿಯ ಒಂದು ಮೂಲೆ ಸೊಟ್ಟ ಮಾಡಿದರೂ ಸಾಕು. ಕೋಪದಲ್ಲಿ ಇನ್ನೂ ಸಂಬಂಧವಿರುತ್ತದೆ, ನೀನು ನನಗೆ ಹೀಗೆ ಮಾಡಬಾರದಿತ್ತು ಎಂಬ ಹಕ್ಕಿನ ದನಿ ಇರುತ್ತದೆ. ತಾತ್ಸಾರ ಎತ್ತರದಲ್ಲಿ ಕೂತು ಕೆಳಗೆ ನೋಡುತ್ತದೆ.

ಗೋಡೆಯಂತೆ ಕೂರುವವರಲ್ಲಿ ಹೆಚ್ಚಿನವರು ಗಂಡಸರು. ಪ್ರಯೋಗಶಾಲೆಯ ಎಣಿಕೆಯಲ್ಲಿ ನೂರಕ್ಕೆ 85. ಹೆಂಡತಿಗೆ ಅದು ಕಲ್ಲುಮನಸ್ಸಿನಂತೆ ಕಾಣುತ್ತದೆ. ಆದರೆ ಎದೆಬಡಿತ ಅಳೆಯುವ ಯಂತ್ರ ಬೇರೆ ಕಥೆ ಹೇಳಿತು. ಹೊರಗೆ ಅಲ್ಲಾಡದೆ ಕೂತ ಮನುಷ್ಯನ ಎದೆ ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಸಲ ಹೊಡೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಎದುರಿನವರ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಮೈ ತಣಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ನಮ್ಮ ಕಡೆ ಗಂಡಸರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಟೀ ಅಂಗಡಿಯಲ್ಲಿ ಕೂತು ಬರುತ್ತಾರೆ. ಹೋಗುವುದು ತಪ್ಪಲ್ಲ. ಏನೂ ಹೇಳದೆ ಹೋಗುವುದು ತಪ್ಪು. “ಈಗ ಆಗಲ್ಲ, ಅರ್ಧ ಗಂಟೆ ಬಿಟ್ಟು ಬರ್ತೀನಿ, ಆಮೇಲೆ ಮಾತಾಡೋಣ” ಎಂದು ಹೇಳಿ ಹೋದವರು, ಬಂದ ಮೇಲೆ ನಿಜಕ್ಕೂ ಮಾತಾಡಲು ಕೂತರೆ, ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟ ತಣ್ಣಗಾಗದೆ ಉಳಿದಿದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ನನಗೆ ಈ ಗಾದೆ ಇಷ್ಟ. ಆದರೆ ಉಂಡು ಮಲಗಿ ಎದ್ದ ಮೇಲೆ ಅದೇ ಜಗಳ ಮತ್ತೆ ಬರುತ್ತದೆ, ಅದನ್ನು ಗಾದೆ ಹೇಳುವುದಿಲ್ಲ. ದಂಪತಿಗಳ ಜಗಳಗಳಲ್ಲಿ ನೂರಕ್ಕೆ 69 ಎಂದೂ ಬಗೆಹರಿಯದಂಥವು ಎಂದು ಆ ಸಂಶೋಧನೆ ಕಂಡುಕೊಂಡಿತು. ಒಬ್ಬರಿಗೆ ದುಡ್ಡು ಕೂಡಿಡಬೇಕು, ಇನ್ನೊಬ್ಬರಿಗೆ ಬಂದವರಿಗೆಲ್ಲ ಕೈಬಿಚ್ಚಿ ಕೊಡಬೇಕು. ಒಬ್ಬರು ಬಸ್ಸಿಗೆ ಒಂದು ಗಂಟೆ ಮೊದಲೇ ಹೋಗಿ ನಿಲ್ಲುವವರು, ಇನ್ನೊಬ್ಬರು ಬಸ್ಸು ಹೊರಟಾಗ ಓಡುವವರು. ನಾಲ್ಕು ವರ್ಷ ಬಿಟ್ಟು ಬಂದರೂ ಅದೇ ಜೋಡಿ ಅದೇ ವಿಷಯಕ್ಕೆ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಜಗಳವಾಡುತ್ತಿತ್ತು. ಸುಖವಾಗಿದ್ದವರಿಗೂ ಇಂಥ ಜಗಳಗಳಿದ್ದವು. ಅವರು ಅದರ ನಡುವೆಯೂ ಒಂದು ನಗುವಿಗೆ, ಒಂದು ಸಲುಗೆಯ ಮಾತಿಗೆ ಜಾಗ ಬಿಟ್ಟಿದ್ದರು, ಅಷ್ಟೇ.

ಹಾಗಾದರೆ ಹೊಂದಿಕೊಂಡು ಹೋಗಬೇಕು ಅಂತೀರಾ ಎಂದು ನೀವು ಕೇಳಬಹುದು. ಆ ಮಾತು ನನಗೆ ಒಗ್ಗುವುದಿಲ್ಲ, ಯಾಕೆಂದರೆ ಅದನ್ನು ಹೇಳಿಸಿಕೊಳ್ಳುವವರು ಯಾವಾಗಲೂ ಒಬ್ಬರೇ. ಸಮಾಲೋಚನೆಯ ಚರಿತ್ರೆಯಲ್ಲೂ ಈ ಕಳಂಕವಿದೆ. ಅಮೆರಿಕದಲ್ಲಿ ಈ ಕೆಲಸ ಶುರುಮಾಡಿದವರಲ್ಲಿ ಒಬ್ಬರಾದ ಪಾಲ್ ಪೊಪೆನೊ 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಮ್ಮ ಸಂಸ್ಥೆ ತೆರೆದರು. ಮನುಷ್ಯರಲ್ಲಿ ಉತ್ತಮ ತಳಿ, ಕೀಳು ತಳಿ ಎಂದು ವಿಂಗಡಿಸುವ ವಾದವನ್ನು ನಂಬಿದ್ದವರು ಅವರು. ಅವರ ಸಲಹೆಯ ಭಾರವೂ ಹೆಚ್ಚಾಗಿ ಹೆಂಡತಿಯ ಹೆಗಲ ಮೇಲೇ ಬೀಳುತ್ತಿತ್ತು. ಆಗಲೇ ಹೇಳಿದ 1998ರ ಅಧ್ಯಯನ ಇದನ್ನು ತಿರುಗಿಸಿ ನಿಲ್ಲಿಸಿತು. ಆ ಹೊಸ ಮದುವೆಗಳಲ್ಲಿ ಬಾಳಿಕೆ ಬಂದವು ಯಾವುವೆಂದರೆ, ಗಂಡ ಹೆಂಡತಿಯ ಮಾತಿಗೆ ಕಿವಿಗೊಟ್ಟು ತನ್ನ ನಿಲುವನ್ನು ಅಷ್ಟಿಷ್ಟು ಬದಲಿಸಿಕೊಂಡ ಮದುವೆಗಳು. ಹೆಂಡತಿಯರು ಆ ಕೆಲಸವನ್ನು ಮೊದಲಿಂದಲೂ ಮಾಡುತ್ತಲೇ ಇದ್ದರು. ನಮ್ಮಲ್ಲಿ ಅಂಥ ಗಂಡನಿಗೆ ಹೆಂಡತಿಯ ಸೆರಗು ಹಿಡಿದವನು ಎಂಬ ಹೆಸರು ಕಾದಿರುತ್ತದೆ. ಎಷ್ಟು ಒಳ್ಳೆಯ ಗಂಡಸರು ಈ ಒಂದು ಮಾತಿಗೆ ಹೆದರಿ, ಎಲ್ಲರೆದುರು ಹೆಂಡತಿಯ ಮಾತನ್ನು ತಳ್ಳಿಹಾಕಿ, ರಾತ್ರಿ ಒಳಗೆ ಬಂದು ಕ್ಷಮೆ ಕೇಳುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ. ರಾತ್ರಿಯ ಕ್ಷಮೆ ಹಗಲಿನ ಅವಮಾನವನ್ನು ಅಳಿಸುವುದಿಲ್ಲ.

ಹೊಂದಿಕೊಳ್ಳುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಇರುವ ಅಂತರವನ್ನು ಇನ್ನಿಬ್ಬರು ಸಂಶೋಧಕರು ಹುಡುಕಿದರು. ಆಂಡ್ರೂ ಕ್ರಿಸ್ಟೆನ್ಸನ್ ಮತ್ತು ನೀಲ್ ಜೇಕಬ್‌ಸನ್. ವರ್ಷಗಟ್ಟಲೆ ನರಳಿದ 134 ದಂಪತಿಗಳನ್ನು ಲಾಸ್ ಏಂಜಲೀಸ್ ಮತ್ತು ಸಿಯಾಟಲ್‌ನಲ್ಲಿ ಆರಿಸಿಕೊಂಡು, ಹೆಚ್ಚೆಂದರೆ 26 ಸಲ ಕೂರಿಸಿ ಚಿಕಿತ್ಸೆ ಕೊಟ್ಟರು. ಅರ್ಧದಷ್ಟು ಜನರಿಗೆ ಹಳೆಯ ವಿಧಾನ: ನೀನು ಇದನ್ನು ಬದಲಿಸು, ನಾನು ಅದನ್ನು ಬದಲಿಸುತ್ತೇನೆ ಎಂಬ ಒಪ್ಪಂದ. ಉಳಿದರ್ಧಕ್ಕೆ ಹೊಸ ವಿಧಾನ: ಬದಲಾಗದ ಗುಣವನ್ನು ಮೊದಲು ಅರ್ಥಮಾಡಿಕೊಳ್ಳುವುದು, ಅದು ಎಲ್ಲಿಂದ ಬಂತು, ಅದರ ಕೆಳಗೆ ಯಾವ ಭಯವಿದೆ ಎಂದು ಇಬ್ಬರೂ ಕೂತು ನೋಡುವುದು. ಜೇಕಬ್‌ಸನ್ 1999ರಲ್ಲಿ ತೀರಿಕೊಂಡರು, ಫಲಿತಾಂಶ ಕಾಣಲಿಲ್ಲ. ಚಿಕಿತ್ಸೆ ಮುಗಿದು ಐದು ವರ್ಷದ ನಂತರ ನೋಡಿದಾಗ ಎರಡು ವಿಧಾನಗಳ ನಡುವೆ ದೊಡ್ಡ ಅಂತರ ಉಳಿದಿರಲಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳು ಗಮನಾರ್ಹವಾಗಿ ಸುಧಾರಿಸಿದ್ದವು. ಕಾಲು ಭಾಗದಷ್ಟು ಜೋಡಿಗಳು ಬೇರೆಯಾಗಿದ್ದವು.

ಈ ಅಂಕಿಯನ್ನು ನಾನು ನನ್ನ ಹತ್ತಿರ ಬರುವವರಿಗೆ ಮುಚ್ಚಿಡುವುದಿಲ್ಲ. ಸಮಾಲೋಚನೆಗೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಬಹುಕಾಲ ಕೆಟ್ಟುಹೋದ ಮದುವೆಗಳಲ್ಲಿ ಅರ್ಧದಷ್ಟು ಸುಧಾರಿಸುತ್ತವೆ ಅನ್ನುವುದು ಸಣ್ಣ ಮಾತಲ್ಲ. ಬೇರೆಯಾದವರಲ್ಲೂ ಎಷ್ಟೋ ಜನ ಮಕ್ಕಳ ಎದುರು ಒಬ್ಬರನ್ನೊಬ್ಬರು ಹೀಯಾಳಿಸದೆ ಬೇರೆಯಾಗುವುದನ್ನು ಕಲಿಯುತ್ತಾರೆ, ಅದೂ ನನಗೆ ಗೆಲುವೇ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇದುವರೆಗೆ ನಾನು ಹೇಳಿದ್ದು ಯಾವುದೂ ಹೊಡೆತವಿರುವ ಮನೆಗೆ ಅನ್ವಯಿಸುವುದಿಲ್ಲ. ಭಯದಲ್ಲಿರುವ ಹೆಂಗಸನ್ನು ಗಂಡನ ಪಕ್ಕ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಮ್ಮ ಅನ್ನುವುದು ಅನ್ಯಾಯ. ನನ್ನ ಕೋಣೆಯಲ್ಲಿ ಆಕೆ ಹೇಳಿದ ಒಂದು ವಾಕ್ಯಕ್ಕೆ ಮನೆಯಲ್ಲಿ ಆಕೆ ಬೆಲೆ ತೆರಬೇಕಾಗುತ್ತದೆ. ಅಂಥವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಎಂಬ ಮಹಿಳಾ ಸಹಾಯವಾಣಿ ಇದೆ. ಕೇಳುತ್ತಿರುವವರಲ್ಲಿ ಯಾರಾದರೂ ಆ ಸ್ಥಿತಿಯಲ್ಲಿದ್ದರೆ ಆ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಹೊಡೆಸಿಕೊಂಡದ್ದು ನಿಮ್ಮ ತಪ್ಪಲ್ಲ.

ಸಿಯಾಟಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಇದ್ದದ್ದು ಇಬ್ಬರೇ. ನಮ್ಮ ಮನೆಗಳಲ್ಲಿ ಹಾಗಲ್ಲ. ಅತ್ತೆ ಒಳಗಿನಿಂದ ಕರೆಯುತ್ತಾರೆ, ಹೆಂಡತಿ ಹಿತ್ತಲಿನಿಂದ ಕರೆಯುತ್ತಾಳೆ, ಯಾರಿಗೆ ಮೊದಲು ಓ ಅನ್ನಬೇಕು ಎಂದು ಗಂಡ ನಡುಮನೆಯಲ್ಲಿ ನಿಂತಿರುತ್ತಾನೆ. ನಾದಿನಿಯ ಬಾಣಂತನ, ಮಾವನ ಮೊಣಕಾಲು ನೋವು, ಭಾವಮೈದುನನ ಸಾಲ, ಎಲ್ಲವೂ ಆ ಮದುವೆಯೊಳಗೇ ಇವೆ. ಆದ್ದರಿಂದ ಇಬ್ಬರನ್ನೇ ಕೂರಿಸಿ ಮಾತಾಡಿಸಿದರೆ ನಮ್ಮಲ್ಲಿ ಅರ್ಧ ಕೆಲಸ ಮಾತ್ರ ಆಗುತ್ತದೆ. ಈ ತಿಳಿವಳಿಕೆ ನಮ್ಮ ದೇಶದ ವೈದ್ಯರಿಗೆ ಬೇಗನೇ ಬಂದಿತ್ತು. ಐವತ್ತರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಹೊರಗೆ ಕಳಿಸದೆ, ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆಂದೇ ಒಂದು ಕೇಂದ್ರವಿದೆ. ಅಲ್ಲಿ ಬೇಕಾದರೆ ಇಡೀ ಕುಟುಂಬವನ್ನೇ ದಾಖಲು ಮಾಡಿಕೊಂಡು ಕೆಲವು ವಾರ ಜೊತೆಗಿದ್ದು ನೋಡುತ್ತಾರೆ. ಅಡುಗೆ ಯಾರು ಮಾಡುತ್ತಾರೆ, ಮೊದಲು ಯಾರು ಉಣ್ಣುತ್ತಾರೆ, ಯಾರು ಮಾತಾಡಿದರೆ ಯಾರು ಸುಮ್ಮನಾಗುತ್ತಾರೆ, ಇವೆಲ್ಲ ಕಣ್ಣಿಗೆ ಬಿದ್ದಾಗ ಮಾತ್ರ ಆ ಮನೆಯ ಗಂಟು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರಲ್ಲಿ ಬಂತು. ತೀರ್ಪು ಕೊಡುವ ಮೊದಲು ರಾಜಿಗೆ ಪ್ರಯತ್ನಿಸುವುದು ಆ ನ್ಯಾಯಾಲಯದ ಕರ್ತವ್ಯ ಎಂದು ಅದರ 9ನೇ ಕಲಂ ಹೇಳುತ್ತದೆ. ಒಳ್ಳೆಯ ಕಾನೂನು. ಆದರೆ ಅಲ್ಲಿಗೆ ಬರುವ ಹೊತ್ತಿಗೆ ವಕೀಲರ ನೋಟಿಸು ಹೋಗಿ, ಅದಕ್ಕೆ ಉತ್ತರವೂ ಬಂದಿರುತ್ತದೆ. ಆ ನೋಟಿಸಿನ ಭಾಷೆ ಓದಿದ್ದೀರಾ? ಹಾಲು ತರಲು ಮರೆತದ್ದು ಅದರಲ್ಲಿ ಬೇಜವಾಬ್ದಾರಿ ಆಗಿರುತ್ತದೆ, ಸಿಡುಕಿದ್ದು ಮಾನಸಿಕ ಕ್ರೌರ್ಯ ಆಗಿರುತ್ತದೆ. ಒಮ್ಮೆ ಅದು ಅಚ್ಚಾಗಿ ಅಂಚೆಯಲ್ಲಿ ಬಂದ ಮೇಲೆ, ಅದನ್ನು ಓದಿದ ಕಣ್ಣುಗಳನ್ನು ಮತ್ತೆ ಪರಸ್ಪರ ನೋಡುವಂತೆ ಮಾಡುವುದು ಬಹಳ ಕಷ್ಟ. ಅದಕ್ಕೇ ನಾನು ಕೈಮುಗಿದು ಕೇಳಿಕೊಳ್ಳುವುದು, ಮೊದಲೇ ಬನ್ನಿ ಅಂತ. ನೋಟಿಸಿಗೆ ಮೊದಲು, ಪಂಚಾಯಿತಿಗೂ ಮೊದಲು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಟೈಲ್ಸ್ ಅಂಗಡಿಯವರ ಮಾತು ಅರ್ಧಕ್ಕೇ ಬಿಟ್ಟಿದ್ದೆ. ಅವರ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ. ಹೆಂಡತಿ ಒಂದು ವಾರದ ಮಟ್ಟಿಗೆ ಮನೆಗೆ ಹೋಗಲು ಒಪ್ಪಿದ್ದರು. ಆ ವಾರ ಅವರು ಇವರನ್ನು ಎಷ್ಟು ಸಲ ಕರೆಯುತ್ತಾರೆ, ಏನಾದರೂ ತೋರಿಸುತ್ತಾರೆ, ಸುಮ್ಮನೆ ಏನಾದರೂ ಹೇಳುತ್ತಾರೆ, ಅದನ್ನು ಎಣಿಸಿ ಬರೆದುಕೊಂಡು ಬನ್ನಿ ಅಂದೆ. ಓಗೊಡಿ ಅಂತ ಕೂಡ ಹೇಳಲಿಲ್ಲ. ಎಣಿಸಿ ಸಾಕು ಅಂದೆ.

ಮುಂದಿನ ವಾರ ಬಂದರು. ಅಂಗಡಿಯ ಬಿಲ್ ಪುಸ್ತಕ ತೆಗೆದು ಹಿಂಬದಿಯ ಹಾಳೆ ತೋರಿಸಿದರು. ಚೀಲ ಲೆಕ್ಕ ಹಾಕುವವರ ಹಾಗೆ ನಾಲ್ಕು ಗೆರೆ ಎಳೆದು ಅಡ್ಡ ಒಂದು ಗೆರೆ ಹೊಡೆದಿದ್ದರು. ಸೋಮವಾರ ಒಂಬತ್ತು. ಮಂಗಳವಾರ ಹನ್ನೆರಡು. ಭಾನುವಾರ ಅಂಗಡಿಗೆ ರಜೆ, ಅವತ್ತು ಇಪ್ಪತ್ಮೂರು. “ಇಷ್ಟು ಸಲ ಕರೀತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ ಮೇಡಂ” ಎಂದರು. ಅವರ ದನಿ ಸಣ್ಣದಾಗಿತ್ತು.

ಹೆಂಡತಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಬೆರಳಿಟ್ಟು ಒಂದೊಂದೇ ಗೆರೆ ನೋಡಿದರು. ಆಮೇಲೆ, “ಬುಧವಾರ ಒಂದು ಬಿಟ್ಟುಬಿಟ್ಟಿದ್ದೀರಿ. ರಾತ್ರಿ ಕರೆಂಟ್ ಹೋದಾಗ ಜೀರುಂಡೆ ಕೂಗ್ತಿದೆ ಕೇಳಿ ಅಂದಿದ್ದೆ” ಅಂದರು.

ಅವರು ಜೇಬಿನಿಂದ ಪೆನ್ನು ತೆಗೆದು, ಬುಧವಾರದ ಸಾಲಿನಲ್ಲಿ ಇನ್ನೊಂದು ಗೆರೆ ಎಳೆದರು.

ನಮಸ್ಕಾರ.